ನೂರು ಕೋಟಿ ಸಾಲು, ಒಂದೂವರೆ ಸೆಕೆಂಡು

ಒಂದೇ ಯಂತ್ರ, ಒಂದೇ ಕಡತ, ಒಂದೇ ಲೆಕ್ಕ ಕೊಟ್ಟು ಯಾರ ಪ್ರೋಗ್ರಾಮ್ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತದೆ ಎಂದು ಅಳೆಯುವ ಸ್ಪರ್ಧೆ ಕಾಲೇಜುಗಳ ಸಾಮಾನ್ಯ ಕೋಡಿಂಗ್ ಸ್ಪರ್ಧೆಗಿಂತ ಬೇರೆ ಜಾತಿಯದು. ಸಾಮಾನ್ಯ ಸ್ಪರ್ಧೆಯಲ್ಲಿ ಸಮಯಕ್ಕೊಂದು ಮಿತಿ ಇರುತ್ತದೆ. ಅದರೊಳಗೆ ಸರಿಯುತ್ತರ ಬಂದರೆ ಅಂಕ ಸಿಗುತ್ತದೆ, ಅದಕ್ಕಿಂತ ಹೆಚ್ಚಿನ ವೇಗಕ್ಕೆ ಬೆಲೆಯಿಲ್ಲ. ವೇಗವೇ ಗುರಿಯಾದಾಗ ಮಾತ್ರ ಬರೆಯುವವನು ಪ್ರೊಸೆಸರ್ ಪ್ರತಿ ಬೈಟನ್ನು ಹೇಗೆ ಮುಟ್ಟುತ್ತದೆ ಎಂಬಷ್ಟು ಆಳಕ್ಕೆ ಇಳಿಯಬೇಕಾಗುತ್ತದೆ, ಮತ್ತು ಈ ಹವ್ಯಾಸದ ನಿಜವಾದ ರುಚಿ ಇರುವುದು ಆ ಆಳದಲ್ಲಿಯೇ.

ಈಚಿನ ವರ್ಷಗಳಲ್ಲಿ ಇದರ ಅತ್ಯುತ್ತಮ ನಿದರ್ಶನವೆಂದರೆ ಗುನ್ನಾರ್ ಮೋರ್ಲಿಂಗ್ 2024ರ ಜನವರಿ ತಿಂಗಳಿಡೀ ನಡೆಸಿದ 'ಒನ್ ಬಿಲಿಯನ್ ರೋ ಚಾಲೆಂಜ್'. ಸುಮಾರು 13 ಗಿಗಾಬೈಟ್ ಗಾತ್ರದ ಕಡತದಲ್ಲಿ 100 ಕೋಟಿ ಸಾಲುಗಳಿದ್ದು, ಪ್ರತಿ ಸಾಲಿನಲ್ಲಿ ಒಂದು ಹವಾಮಾನ ಕೇಂದ್ರದ ಹೆಸರು, ಒಂದು ಅರ್ಧವಿರಾಮ, ಒಂದು ದಶಮಾಂಶ ಸ್ಥಾನದ ಉಷ್ಣಾಂಶ ಮಾತ್ರ ಇರುತ್ತಿದ್ದವು. ಪ್ರತಿ ಕೇಂದ್ರದ ಕನಿಷ್ಠ, ಸರಾಸರಿ, ಗರಿಷ್ಠ ಉಷ್ಣಾಂಶವನ್ನು ಜಾವಾ ಭಾಷೆಯಲ್ಲಿ, ಹೊರಗಿನ ಯಾವ ಲೈಬ್ರರಿಯ ನೆರವೂ ಇಲ್ಲದೆ ಲೆಕ್ಕಹಾಕಬೇಕಿತ್ತು. ಪ್ರತಿ ಪ್ರೋಗ್ರಾಮನ್ನು ಎಂಟು ಕೋರ್‌ಗಳ ಮೇಲೆ ಐದು ಬಾರಿ ಓಡಿಸಿ, ಅತಿ ವೇಗದ ಮತ್ತು ಅತಿ ನಿಧಾನದ ಓಟಗಳನ್ನು ಕೈಬಿಟ್ಟು, ಉಳಿದ ಮೂರರ ಸರಾಸರಿಯನ್ನು ಹಿಡಿಯುತ್ತಿದ್ದರು. ಮಾದರಿಯಾಗಿ ಕೊಟ್ಟಿದ್ದ ಸರಳ ಪ್ರೋಗ್ರಾಮ್ 4 ನಿಮಿಷ 49 ಸೆಕೆಂಡು ತೆಗೆದುಕೊಂಡರೆ, ಥಾಮಸ್ ವುರ್ಥಿಂಗರ್ ಮತ್ತು ಅವರ ಇಬ್ಬರು ಜೊತೆಗಾರರ ಗೆದ್ದ ಪ್ರೋಗ್ರಾಮ್ ಅದೇ ಕೆಲಸವನ್ನು 1.535 ಸೆಕೆಂಡಿನಲ್ಲಿ ಮುಗಿಸಿತು. ಯಂತ್ರ ಬದಲಾಗಿರಲಿಲ್ಲ, ಭಾಷೆ ಬದಲಾಗಿರಲಿಲ್ಲ. ವೇಗ ಮಾತ್ರ ಸುಮಾರು 190 ಪಟ್ಟು ಹೆಚ್ಚಿತ್ತು.

ಈ ವ್ಯತ್ಯಾಸದ ಬಹುಪಾಲು ಬಂದದ್ದು ಅನವಶ್ಯಕ ಕೆಲಸವನ್ನು ಗುರುತಿಸಿ ಬಿಟ್ಟುಬಿಡುವುದರಿಂದ. ಉಷ್ಣಾಂಶಕ್ಕೆ ಒಂದೇ ದಶಮಾಂಶ ಸ್ಥಾನ ಇರುವುದರಿಂದ 23.4 ಎಂಬುದನ್ನು 234 ಎಂಬ ಪೂರ್ಣಾಂಕವಾಗಿಯೇ ಕೂಡುತ್ತ ಹೋಗಿ, ಕೊನೆಯಲ್ಲಿ ಒಮ್ಮೆ ಹತ್ತರಿಂದ ಭಾಗಿಸಿದರೆ ಸಾಕು. ಅರ್ಧವಿರಾಮವನ್ನು ಹುಡುಕಲು ಒಂದೊಂದೇ ಬೈಟ್ ನೋಡುವ ಬದಲು ಎಂಟು ಬೈಟುಗಳನ್ನು 64 ಬಿಟ್‌ಗಳ ಒಂದೇ ಸಂಖ್ಯೆಯಂತೆ ಎತ್ತಿಕೊಂಡು ಒಟ್ಟಿಗೆ ಪರೀಕ್ಷಿಸಬಹುದು. ಇನ್ನೂ ಸೂಕ್ಷ್ಮವಾದ ಉಪಾಯ ಗೆದ್ದ ತಂಡದಲ್ಲಿಯೇ ಒಬ್ಬರಾದ ಕ್ವಾನ್ ಆನ್ ಮಾಯ್ ಅವರದು. ಪ್ರೊಸೆಸರ್ 'ಹೀಗಿದ್ದರೆ ಹಾಗೆ' ಎಂಬ ಕವಲು ಬಂದಾಗ ಮುಂದಿನ ದಾರಿಯನ್ನು ಮೊದಲೇ ಊಹಿಸಿ ಓಡುತ್ತದೆ, ಊಹೆ ತಪ್ಪಿದರೆ ಮಾಡಿದ ಕೆಲಸವನ್ನು ಚೆಲ್ಲಿ ಹಿಂದಿರುಗುತ್ತದೆ. ಋಣ ಚಿಹ್ನೆ ಇದೆಯೇ, ಅಂಕಿ ಒಂದೇ ಎರಡೇ ಎಂಬ ಪ್ರಶ್ನೆಗಳನ್ನು ಕವಲುಗಳೇ ಇಲ್ಲದಂತೆ ಬಿಟ್‌ಗಳ ಗಣಿತದಿಂದಲೇ ಬಿಡಿಸುವ ಅವರ ಕ್ರಮವನ್ನು ಎದುರಾಳಿಗಳೂ ತಮ್ಮ ಕೋಡಿಗೆ ತಂದುಕೊಂಡರು. ಎಲ್ಲರ ಕೋಡೂ ಎಲ್ಲರ ಕಣ್ಣಮುಂದೆ ಇತ್ತು, ಎರವಲು ಪಡೆದವರು ಮೂಲದವರ ಹೆಸರು ಹೇಳಿದರು. ಈ ಸ್ನೇಹ ಸ್ಪರ್ಧೆಯ ಅಲಂಕಾರವಾಗಿರಲಿಲ್ಲ, ದಾಖಲೆ ಅಷ್ಟು ಕೆಳಗಿಳಿಯಲು ಅದೇ ಕಾರಣ.

ಎಣಿಸುವುದನ್ನು ತಪ್ಪಿಸಿ ಉತ್ತರಕ್ಕೆ ತಲುಪುವ ಈ ಕಲೆಗೆ ಕಲಬುರಗಿಯ ನೆಲದಲ್ಲಿ ಹಳೆಯ ಬೇರುಗಳಿವೆ. ಇಂದಿನ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯವಿದ್ದ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ 'ಗಣಿತಸಾರಸಂಗ್ರಹ'ವನ್ನು ಬರೆದು, ಕೊಟ್ಟಷ್ಟು ವಸ್ತುಗಳಿಂದ ಬೇಕಾದಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟನು. ಆರು ರಸಗಳಲ್ಲಿ ಮೂರನ್ನು ಕೂಡಿಸುವ ಬಗೆಗಳನ್ನು ಬರೆದು ಎಣಿಸುವವನು 20 ಸಾಲು ಬರೆಯಬೇಕು. ಸೂತ್ರ ಬಲ್ಲವನು ಆರು, ಐದು, ನಾಲ್ಕನ್ನು ಗುಣಿಸಿ, ಒಂದು, ಎರಡು, ಮೂರರ ಗುಣಲಬ್ಧದಿಂದ ಭಾಗಿಸುತ್ತಾನೆ. ವಸ್ತುಗಳು ಹೆಚ್ಚಿದಂತೆ ಮೊದಲನೆಯವನ ಶ್ರಮ ಮಿತಿಮೀರುತ್ತದೆ, ಎರಡನೆಯವನದು ಕೆಲವು ಗುಣಾಕಾರಗಳಷ್ಟೇ ಬೆಳೆಯುತ್ತದೆ. ಮಳಖೇಡದ ಕೋಟೆಯನ್ನು ನೋಡಲು ಹೋಗುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಇಂಥ ಸ್ಪರ್ಧೆಗೆ ಬೇಕಾದ ಕಚ್ಚಾ ಸಾಮಗ್ರಿಯೂ ಇಲ್ಲಿಯೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು, ಎಂದರೆ ಅಳತೆಯನ್ನು ತಾನಾಗಿ ದೂರಕ್ಕೆ ಕಳುಹಿಸುವ ಉಪಕರಣಗಳನ್ನು ಸ್ಥಾಪಿಸಿದ್ದು, ಅವು 15 ನಿಮಿಷಕ್ಕೊಮ್ಮೆ ವರದಿ ಮಾಡುತ್ತವೆ. ಆರು ಸಾವಿರವೆಂದೇ ಹಿಡಿದರೂ ದಿನಕ್ಕೆ 5,76,000 ಅಳತೆಗಳಾಗಿ, ಐದು ವರ್ಷ ತುಂಬುವ ಮೊದಲೇ ನೂರು ಕೋಟಿ ಸಾಲುಗಳು ಸೇರುತ್ತವೆ. ಕೆಂಪು ಬಾಳೆಗೆ ಭೌಗೋಳಿಕ ಮಾನ್ಯತೆ ಪಡೆದ ಕಮಲಾಪುರದ ರೈತನಿಗೂ ತೊಗರಿ ಬೆಳೆಯುವ ಸುತ್ತಲಿನ ಹೋಬಳಿಗಳಿಗೂ ಆ ಸಾಲುಗಳು ಬದುಕಿನ ಲೆಕ್ಕಗಳು. 1958ರಲ್ಲಿ ಆರಂಭವಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪ್ರಯೋಗಾಲಯದ ಒಂದು ಸಾಧಾರಣ ಕಂಪ್ಯೂಟರನ್ನೇ ಅಖಾಡವಾಗಿ ಇಟ್ಟುಕೊಂಡು ಈ ಲೆಕ್ಕಕ್ಕೆ ಇಳಿದರೆ, ಅದು ಎರವಲು ಸ್ಪರ್ಧೆಯಾಗದೆ ಈ ನಾಡಿನದೇ ಸ್ಪರ್ಧೆಯಾಗುತ್ತದೆ.

ಊರ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬೇಕೆಂಬ ನಿಯಮವೊಂದನ್ನು ಸೇರಿಸಿದರಂತೂ ಸಮಸ್ಯೆಯೇ ಹೊಸದಾಗುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಸ್ವರಚಿಹ್ನೆಗೂ ಮೂರು ಬೈಟು ಬೇಕು; 'ಕಲಬುರಗಿ'ಗೂ 'ಕಮಲಾಪುರ'ಕ್ಕೂ ತಲಾ 21 ಬೈಟು. ಆ ಮೂರರಲ್ಲಿ ಮೊದಲನೆಯದು ಎಲ್ಲ ಕನ್ನಡ ಚಿಹ್ನೆಗಳಿಗೂ ಒಂದೇ, ಎರಡನೆಯದಕ್ಕೆ ಎರಡೇ ರೂಪ. ಆದ್ದರಿಂದ ಮೊದಲ ಎಂಟು ಬೈಟುಗಳಿಂದ ಹೆಸರನ್ನು ಗುರುತಿಸುವ ಪ್ರೋಗ್ರಾಮಿಗೆ ಕಮಲಾಪುರವೂ ಬೀದರ್ ಜಿಲ್ಲೆಯ ಕಮಲನಗರವೂ ಒಂದೇ ಆಗಿ ಕಾಣುತ್ತವೆ, ರೋಮನ್ ಲಿಪಿಯಲ್ಲಾದರೆ ಅಷ್ಟರೊಳಗೇ ಬೇರೆಯಾಗುತ್ತಿದ್ದವು. ಆದರೆ ಬದಲಾಗದ ಬಿಟ್‌ಗಳನ್ನು ಕೈಬಿಟ್ಟರೆ ಪ್ರತಿ ಚಿಹ್ನೆಗೆ ಉಳಿಯುವುದು ಏಳೇ ಬಿಟ್. ಏಳು ಚಿಹ್ನೆಗಳ ಕಮಲಾಪುರ 49 ಬಿಟ್‌ಗಳಿಗೆ ಇಳಿಯುತ್ತದೆ, ಒಂಬತ್ತು ಚಿಹ್ನೆಗಳವರೆಗಿನ ಯಾವ ಊರಿನ ಹೆಸರೂ 64 ಬಿಟ್‌ಗಳ ಒಂದೇ ಸಂಖ್ಯೆಯಲ್ಲಿ ಪೂರ್ತಿಯಾಗಿ ಹಿಡಿಯುತ್ತದೆ, ಮತ್ತು ಎರಡು ಊರುಗಳು ಒಂದೇ ಹೌದೋ ಅಲ್ಲವೋ ಎಂಬುದು ಒಂದು ಹೋಲಿಕೆಯಲ್ಲಿ ತೀರ್ಮಾನವಾಗುತ್ತದೆ.