ತರತಮದ ಪಾಠ: ಗಡಿನಾಡಿನ ಶಾಲೆಗಳ ಇಂಗ್ಲಿಷ್ ವ್ಯಾಕರಣದ ಒಂದು ವಿಮರ್ಶೆ

ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಿಗೆಲ್ಲ 'ಆಡುಮಾತಿನ ಪ್ರಭಾವ' ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಚಿಕ್ಕ ಪಾಠದ ಮೂಲಕ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ. 'ಟಾಲ್, ಟಾಲರ್, ಟಾಲೆಸ್ಟ್' ಎಂದು ತರಗತಿಗಳಲ್ಲಿ ರಾಗವಾಗಿ ಒಪ್ಪಿಸುವ ಗುಣವಾಚಕಗಳ ತರತಮ ರೂಪಗಳ ಪಾಠವೇ ಅದು.

ಇಂಗ್ಲಿಷಿನಲ್ಲಿ ಹೋಲಿಕೆಯ ಗುರುತು ಗುಣವಾಚಕದ ಮೇಲೆ ಬೀಳುತ್ತದೆ. ಚಿಕ್ಕ ಪದಗಳಿಗೆ 'ಅರ್', 'ಎಸ್ಟ್' ಪ್ರತ್ಯಯ. 'ಬ್ಯೂಟಿಫುಲ್'ನಂಥ ಉದ್ದ ಪದಗಳಿಗೆ ಹಿಂದೆ 'ಮೋರ್', 'ಮೋಸ್ಟ್'. 'ಗುಡ್, ಬೆಟರ್, ಬೆಸ್ಟ್' ಎಂಬಂಥ ಕೆಲವಕ್ಕೆ ಬೇರೆಯೇ ರೂಪ. ಕನ್ನಡದಲ್ಲಿ ಹಾಗಲ್ಲ. 'ಇವನು ಅವನಿಗಿಂತ ಎತ್ತರ' ಎಂಬಲ್ಲಿ 'ಎತ್ತರ' ಇದ್ದಂತೆಯೇ ಇದೆ. ಗುರುತು ಬಿದ್ದಿರುವುದು 'ಅವನು' ಎಂಬ ಹೋಲಿಕೆಯ ಅಳತೆಗೋಲಿನ ಮೇಲೆ. ದ್ರಾವಿಡ ಭಾಷೆಗಳಲ್ಲಿ ತರತಮಕ್ಕೆ ಗುಣವಾಚಕದ ಪ್ರತ್ಯಯಗಳಿಲ್ಲವೆಂಬುದನ್ನು ಕಾಲ್ಡ್ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲೇ ಗುರುತಿಸಿದ್ದರು. ನಾವು ಬಳಸುವ 'ತರತಮ' ಎಂಬ ಹೆಸರೇ ಸಂಸ್ಕೃತದ 'ತರ', 'ತಮ' ಪ್ರತ್ಯಯಗಳಿಂದ ಬಂದದ್ದು. ಕನ್ನಡದ ಕ್ರಮಕ್ಕೆ ಕನ್ನಡದ ಹೆಸರನ್ನೇ ನಾವು ಇಟ್ಟುಕೊಂಡಿಲ್ಲ!

ಈಗ ಪಾಠದ ವಿವರಣೆಯನ್ನು ನೋಡೋಣ. 'ರಾಮ ಈಸ್ ಟಾಲರ್ ದ್ಯಾನ್ ಕೃಷ್ಣ' ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ಅರ್ಥ: 'ರಾಮನು ಕೃಷ್ಣನಿಗಿಂತ ಹೆಚ್ಚು ಎತ್ತರವಾಗಿದ್ದಾನೆ.' ಈ 'ಹೆಚ್ಚು' ಎಲ್ಲಿಂದ ಬಂತು? ಅಕ್ಕಲಕೋಟೆಯ ಕಡೆ ಹುಡುಗ 'ರಾಮ ಕೃಷ್ಣಗಿಂತ ಎತ್ತರ ಅದಾನ' ಅಂತಾನೆ, ಅಷ್ಟೇ. 'ಅರ್' ಪ್ರತ್ಯಯಕ್ಕೆ ಕನ್ನಡದಲ್ಲಿ ಒಂದು ಪದ ತೋರಿಸಲೇಬೇಕೆಂಬ ಹಟದಿಂದ 'ಹೆಚ್ಚು' ಒಳಬಂದಿದೆ. ಮುಂದಿನ ಪಾಠದಲ್ಲಿ 'ಮೋರ್' ಅಂದರೂ 'ಹೆಚ್ಚು' ಎಂದೇ ಹೇಳಿಕೊಡುತ್ತಾರೆ. ಎರಡನ್ನೂ ಕೂಡಿಸಿದ ಹುಡುಗ 'ಮೋರ್ ಟಾಲರ್' ಎಂದು ಬರೆದರೆ ಅದು ಅವನ ಆಡುಮಾತಿನ ತಪ್ಪೇ? ಆಡುಮಾತಿನಿಂದ ನೇರವಾಗಿ ಬರುವ ತಪ್ಪು 'ಟಾಲ್ ದ್ಯಾನ್ ಕೃಷ್ಣ' ಎಂಬುದು. 'ಮೋರ್ ಟಾಲರ್' ಎಂಬುದಕ್ಕೆ ದಾರಿ ಮಾಡಿಕೊಟ್ಟದ್ದು ಪಾಠದ ಕೃತಕ ಕನ್ನಡ. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ ತಪ್ಪಿನ ಮೂಲ ಸಿಕ್ಕುವುದಿಲ್ಲ.

'ಒಂದಕ್ಷರದ ಪದಕ್ಕೆ ಅರ್ ಹಚ್ಚಬೇಕು' ಎಂಬ ಸೂತ್ರವೂ ಇಂಥದ್ದೇ. ಇಲ್ಲಿ ಅಕ್ಷರವೆಂದರೆ ಒಂದೇ ಸ್ವರವಿರುವ ಉಚ್ಚಾರದ ಘಟಕ. ಆದರೆ ಮಗುವಿಗೆ ಅಕ್ಷರವೆಂದರೆ ಬರೆಯುವ ಅಕ್ಷರ. 'ಟಾಲ್' ಪದದಲ್ಲಿ ಅದು ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಎಣಿಸುತ್ತದೆ. ಕಿವಿಯಿಂದ ಎಣಿಸಿದರೂ ಕಷ್ಟ ತಪ್ಪದು: ಆಡುಮಾತಿನಲ್ಲಿ 'ಬಿಗ್' 'ಬಿಗ್ಗು' ಆಗುತ್ತದೆ, 'ಸ್ಮಾಲ್' 'ಇಸ್ಮಾಲು' ಆಗುತ್ತದೆ. ಒಂದು ಎರಡಾಯಿತು, ಮೂರೂ ಆಯಿತು. ಸೂತ್ರ ಮಗುವಿನ ನಾಲಿಗೆಯನ್ನು ಗಮನಿಸಿಲ್ಲ.

ಗಡಿಯ ನೆರೆಭಾಷೆಗಳನ್ನು ಗಮನಕ್ಕೆ ತಂದುಕೊಂಡರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಮರಾಠಿಯ 'ಪೇಕ್ಷಾ', ತೆಲುಗಿನ 'ಕಂಟೆ', ತಮಿಳಿನ 'ವಿಡ', ಮಲೆಯಾಳದ 'ಕಾಳ್' ಇವೆಲ್ಲವೂ ನಮ್ಮ 'ಇಂತ'ದ ಹಾಗೆ ನಾಮಪದವನ್ನೇ ಹಿಡಿಯುತ್ತವೆ. ಆದ್ದರಿಂದ ಆದೋನಿಯ ಮಗುವಿಗೂ ತಾಳವಾಡಿಯ ಮಗುವಿಗೂ ಮೊದಲ ಮೆಟ್ಟಿಲು ಒಂದೇ. ಎರಡನೆಯ ಮೆಟ್ಟಿಲಲ್ಲಿ ದಾರಿ ಕವಲೊಡೆಯುತ್ತದೆ. 'ಎಲ್ಲರಿಗಿಂತ ಎತ್ತರ' ಎನ್ನುವವನು 'ಟಾಲರ್ ದ್ಯಾನ್ ಆಲ್' ಎಂದು ಬರೆಯುತ್ತಾನೆ. ಇಂಗ್ಲಿಷ್ ಅಲ್ಲಿ 'ಅದರ್' ಎಂಬ ಪದವನ್ನೂ ಕೇಳುತ್ತದೆ. ಆದರೆ ಮರಾಠಿಯ 'ಸರ್ವಾತ ಉಂಚ' ಕೇಳಿ ಬೆಳೆದ ಜತ್ತಿನ ಮಗುವಿಗೆ, 'ಎಲ್ಲಾರೊಳಗ ಎತ್ತರ' ಎನ್ನುವುದರಿಂದ 'ದಿ ಟಾಲೆಸ್ಟ್ ಆಫ್ ಆಲ್' ಎಂಬುದಕ್ಕೆ ನೇರ ಸೇತುವೆಯಿದೆ. ಕಾಸರಗೋಡಿನ ಮಗುವಿಗೆ ಗುಣವಾಚಕದ ಹಿಂದೆ ನಿಲ್ಲುವ ಮಲೆಯಾಳದ 'ಏಟ್ಟವುಂ' ಪರಿಚಿತ. 'ಮೋಸ್ಟ್' ಅದರ ಜಾಗದಲ್ಲೇ ಕೂರುತ್ತದೆ. ಹೀಗಿರುವಾಗ ನೆರೆಭಾಷೆಯನ್ನು ಬರೀ ಅಡ್ಡಿಯೆಂದು ಕಾಣುವುದು ಇದ್ದ ಏಣಿಯನ್ನು ಒದ್ದಂತೆ.

ಇಮ್ಮಡಿ ತರತಮ ಬುದ್ಧಿಹೀನತೆಯ ಲಕ್ಷಣವೇನೂ ಅಲ್ಲ. ಷೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಅದು ಧಾರಾಳವಾಗಿದೆ. ಅದನ್ನು ಅಸಾಧುವೆಂದು ಸಾರಿದವರಲ್ಲಿ 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಪ್ರಮುಖ. 'ಶ್ರೇಷ್ಠ' ಎಂಬುದೇ ಸಂಸ್ಕೃತದಲ್ಲಿ ಅತಿಶಯದ ರೂಪ. ಅದರ ಮೇಲೆ 'ತಮ' ಹಚ್ಚಿ 'ಶ್ರೇಷ್ಠತಮ' ಎಂದು ಭಾಷಣ ಮಾಡುವ ನಾವು 'ಮೋರ್ ಬೆಟರ್' ಅಂದ ಹುಡುಗನನ್ನು ನೋಡಿ ನಗುತ್ತೇವೆ. ಶಿಷ್ಟ ಇಂಗ್ಲಿಷ್ ಇಂದು ಅದನ್ನು ಒಪ್ಪದು; ತಿದ್ದಲೇಬೇಕು. ತಿದ್ದುವುದು ಬೇರೆ, ಹಂಗಿಸುವುದು ಬೇರೆ.

ಪಾಠ ಆಡುನುಡಿಯಿಂದಲೇ ಹೊರಡಲಿ. ಮೊದಲು 'ನಿನಗಿಂತ ನಾ ದೊಡ್ಡಾಂವ' ಎಂಬ ಮಗುವಿನ ಮಾತನ್ನೇ ಹಲಗೆಯ ಮೇಲೆ ಬರೆದು, ಗುರುತು ಎಲ್ಲಿ ಬಿದ್ದಿದೆ ಎಂದು ಕೇಳಬೇಕು. ಇಂಗ್ಲಿಷ್ 'ದ್ಯಾನ್' ಜೊತೆಗೆ ಗುಣವಾಚಕದ ಮೇಲೂ ಒಂದು ಗುರುತು, ಒಂದೇ ಒಂದು ಗುರುತು, ಬೇಡುತ್ತದೆಂದು ಆಮೇಲೆ ತೋರಿಸಬೇಕು. ಪದಗಳನ್ನು ಕಿವಿಯಿಂದ ಎಣಿಸುವ ಅಭ್ಯಾಸ ಆಮೇಲಿನದು. 'ನೋ ಅದರ್ ಬಾಯ್' ಎಂದು ನಿಷೇಧದಿಂದ ಅತಿಶಯ ಹೇಳುವ ಕಠಿಣ ಅಭ್ಯಾಸಕ್ಕೂ 'ಉಪ್ಪಿಗಿಂತ ರುಚಿಯಿಲ್ಲ' ಎಂಬ ಮನೆಯ ಗಾದೆಯೇ ಸಾಕು. ಅತಿಶಯವನ್ನು 'ಇಲ್ಲ' ಎಂಬುದರಿಂದ ಹೇಳುವ ಕಲೆ ಮಗುವಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ನಮಗೆ: ಅದರ ಮಾತಿನಲ್ಲಿ ಏನೇನಿದೆ ಎಂಬುದು. ಉಪಭಾಷಾ ಅಧ್ಯಯನದ ಫಲ ತರಗತಿಯ ಕರಿಹಲಗೆಯವರೆಗೆ ಮುಟ್ಟದಿದ್ದರೆ ಈ ಸಂಗ್ರಹ, ವರ್ಗೀಕರಣಗಳೆಲ್ಲ ಕಪಾಟಿನಲ್ಲೇ ಉಳಿಯುತ್ತವೆ.