ಟೈಲ್ಸ್ ಹಿಂದಿನ ತೇವ

ಉತ್ತರ ಬೆಂಗಳೂರಿನಲ್ಲಿ ಹಳೇ ಮನೆ ರಿಪೇರಿ ಎಂದ ಕೂಡಲೇ ಮನೆಯವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ನೆಲಕ್ಕೆ ಎರಡಡಿ ಚೌಕದ ವಿಟ್ರಿಫೈಡ್, ಬಚ್ಚಲಿಗೆ ಬಾಗಿಲೆತ್ತರದ ತನಕ ಗ್ಲೇಜ್ಡ್, ಗೋಡೆಗೆ ಪುಟ್ಟಿ, ಅದರ ಮೇಲೆ ಎರಡು ಕೋಟು ಬಣ್ಣ. ಪಾಯ, ಸೂರು, ಚರಂಡಿ, ವೈರಿಂಗ್ ಇವೆಲ್ಲ ಉಳಿದ ದುಡ್ಡಿನಲ್ಲಿ. ಈ ಕ್ರಮವೇ ತಪ್ಪು ಎನ್ನುವುದು ನನ್ನ ವಾದ. ಯಲಹಂಕ ಹಳೇ ಊರಿನಿಂದ ಆರ್.ಟಿ. ನಗರದವರೆಗೆ ಸೋರಿ, ಬಿರಿದು, ಕೊನೆಗೆ ಕೆಡವಿಸಿಕೊಂಡ ಮನೆಗಳಲ್ಲಿ ಎಷ್ಟನ್ನೋ ವಯಸ್ಸಿಗಿಂತ ಬೇಗ ಕೆಡಿಸಿದ್ದು ನಾವು ಮಾಡಿಸಿದ ರಿಪೇರಿಯೇ.

ಇಲ್ಲಿ ಹಳೇ ಮನೆಗಳೆಲ್ಲ ಒಂದೇ ಜಾತಿಯವಲ್ಲ. ಯಲಹಂಕ ಬೆಂಗಳೂರಿಗಿಂತ ಹಳೆಯ ಊರು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ಮನೆತನದವರು. ಆ ಊರಿನ ಓಣಿಗಳಲ್ಲಿ ಈಗ ಉಳಿದಿರುವ ಹಳೇ ಮನೆಗಳಿಗೆ ಸೈಜುಗಲ್ಲಿನ ಪಾಯ, ಮಣ್ಣಿನ ಗೋಡೆ, ಮರದ ತೊಲೆ ಜಂತೆ, ಮೇಲೆ ನಾಡಹೆಂಚು ಅಥವಾ ಮಂಗಳೂರು ಹೆಂಚು. ಇನ್ನೊಂದು ಜಾತಿ ಆರ್‌ಸಿಸಿಯದು. 1976ರಲ್ಲಿ ಬಿಡಿಎ ಹುಟ್ಟಿದ ಕಾಲದಿಂದೀಚೆಗೆ ಆರ್.ಟಿ. ನಗರದಂಥ ಬಡಾವಣೆಗಳಲ್ಲಿ, ಗೃಹಮಂಡಳಿ ಕಟ್ಟಿದ ಯಲಹಂಕ ಉಪನಗರದಲ್ಲಿ ಎದ್ದ ತಾರಸಿ ಮನೆಗಳು ಈಗ ನಲವತ್ತು ದಾಟಿವೆ. ಅವನ್ನೂ ಹಳೇ ಮನೆ ಎಂದೇ ಎಣಿಸಬೇಕು. ಮಣ್ಣಿನ ಮನೆ ಕೆಡುವ ಬಗೆ ಒಂದು, ಕಾಂಕ್ರೀಟಿನ ಮನೆ ಕೆಡುವ ಬಗೆ ಇನ್ನೊಂದು. ಎರಡಕ್ಕೂ ನಾವು ಕೊಡುತ್ತಿರುವುದು ಅದೇ ಸಿಮೆಂಟು, ಅದೇ ಟೈಲ್ಸು.

ಯಲಹಂಕ ಹಳೇ ಊರಿನ ನನ್ನ ಸೋದರಮಾವನ ಮನೆ ಮೊದಲ ಜಾತಿಯದು. ಒಂದೂವರೆ ಅಡಿ ದಪ್ಪದ ಗೋಡೆ, ಬೀದಿ ಕಡೆ ಜಗುಲಿ, ನಡುಮನೆಯಲ್ಲಿ ಮರದ ಕಂಬಗಳು, ಹಿಂಬದಿಯ ಅಡುಗೆಮನೆಗೆ ಚಪ್ಪಡಿ ಕಲ್ಲಿನ ಮಾಳಿಗೆ. ನಿವೃತ್ತರಾದಾಗ ಬಂದ ಹಣದಲ್ಲಿ ಮಾವ ನಡುಮನೆಯ ಸುಣ್ಣದ ಗಾರೆಯನ್ನೆಲ್ಲ ಕೆರೆಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಕೆಂಪು ಕಾವಿ ನೆಲದ ಮೇಲೇ ಟೈಲ್ಸ್ ಹಾಸಿಸಿದರು. ನೆಂಟರನ್ನು ಕರೆದು ಊಟ ಹಾಕಿಸಿದರು. ಎರಡನೆಯ ಮಳೆಗಾಲಕ್ಕೆ ಗೋಡೆ ಮೊಣಕಾಲೆತ್ತರ ಒದ್ದೆಯಾಗಿ, ಬಣ್ಣ ಗುಳ್ಳೆಯೆದ್ದು, ಬಿಳಿ ಉಪ್ಪು ಕಾಣಿಸಿಕೊಂಡಿತು. ಮೇಸ್ತ್ರಿ ಬಂದು ಆ ಎತ್ತರಕ್ಕೆ ಗೋಡೆಗೂ ಟೈಲ್ಸ್ ಅಂಟಿಸಿದ. ಮುಂದಿನ ವರ್ಷ ಟೈಲ್ಸಿನ ಅಂಚಿನಿಂದ ಮೇಲಕ್ಕೆ ಅದೇ ತೇವ, ಅದೇ ಉಪ್ಪು.

ಇದರ ಕಾರಣವನ್ನು ಮನೆಯೊಳಗೆ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧಕ್ಕೆ ಬೀದಿಗೆ ಬಂದು ನಿಲ್ಲಬೇಕು. ಹಿಂದೆ ಬೀದಿಯಿಂದ ಮೆಟ್ಟಿಲು ಹತ್ತಿ ಜಗುಲಿಗೆ ಹೋಗುತ್ತಿದ್ದರು. ಹಳೇ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸ ಡಾಂಬರು ಸುರಿಯುತ್ತ ಬಂದದ್ದರಿಂದ ರಸ್ತೆ ಏರಿತು, ಮೆಟ್ಟಿಲುಗಳು ಒಂದೊಂದಾಗಿ ಹೂತುಹೋದವು, ಹೊಸ್ತಿಲು ಬೀದಿಯ ಮಟ್ಟಕ್ಕೆ ಇಳಿಯಿತು. ಮಳೆ ನೀರು ಈಗ ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಸೂರಿನಿಂದ ಬೀಳುವ ನೀರೂ ಅಲ್ಲೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ನೂರು ಚದರ ಮೀಟರಿನ ಸೂರಿನ ಮೇಲೆ ಬೀಳುವುದು ಹತ್ತಿರ ಹತ್ತಿರ 97 ಸಾವಿರ ಲೀಟರ್. ದಾರಿ ಮಾಡಿಕೊಡದಿದ್ದರೆ ಅದರ ಬಹುಪಾಲು ಗೋಡೆಯ ಬುಡಕ್ಕೇ ಇಳಿಯುತ್ತದೆ.

ಮಣ್ಣಿನ ಗೋಡೆ ನೆಲದ ತೇವವನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೀರುತ್ತದೆ, ಅದು ಅದರ ಗುಣ. ಸುಣ್ಣದ ಗಾರೆ ಇದ್ದಾಗ ಹೀರಿದ ತೇವ ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಸಿಮೆಂಟ್ ಪ್ಲಾಸ್ಟರ್ ಅದಕ್ಕಿಂತ ಬಿಗಿ. ಆರುವ ದಾರಿಯನ್ನು ಕಟ್ಟುತ್ತದೆ. ಟೈಲ್ಸ್ ಪೂರಾ ಮುಚ್ಚುತ್ತದೆ. ನೆಲಕ್ಕೂ ಟೈಲ್ಸ್ ಹಾಸಿದರೆ ನೆಲದಲ್ಲಿ ಆರಬೇಕಾದ ತೇವವೂ ಗೋಡೆಯ ಕಡೆಗೆ ಸರಿಯುತ್ತದೆ. ಆಗ ನೀರು ಎಲ್ಲಿ ಮೈ ತೆರೆದಿದೆಯೋ ಅಲ್ಲಿಯವರೆಗೆ ಏರಿ, ಅಲ್ಲಿ ಉಪ್ಪನ್ನು ಬಿಟ್ಟು ಆರುತ್ತದೆ. ಆ ಉಪ್ಪಿನ ಹರಳು ಬೆಳೆಯುತ್ತ ಪ್ಲಾಸ್ಟರನ್ನು ಒಳಗಿನಿಂದ ತಳ್ಳುತ್ತದೆ. ಮಾವನ ಮನೆಯಲ್ಲಿ ತೇವ ಟೈಲ್ಸನ್ನು ದಾಟಿ ಮೇಲೆ ಹೋದದ್ದು ಹೀಗೆ. ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಯಾರೂ ತೇವದ ಮೂಲ ಹುಡುಕು ಎಂದು ಹೇಳಿರಲಿಲ್ಲ, ಕಲೆ ಕಾಣದ ಹಾಗೆ ಮಾಡು ಎಂದಿದ್ದರು.

ಎರಡನೆಯ ಸಲ ಕೆಲಸ ಹಿಡಿದಾಗ ಕ್ರಮ ಬದಲಾಯಿತು. ಮೊದಲು ಸೂರಿಗೆ ನೀರು ಹಿಡಿಯುವ ದೋಣಿ ಕಟ್ಟಿ ಕೊಳವೆಯಿಂದ ಸಂಪಿಗೆ ಬಿಟ್ಟರು. ಆಮೇಲೆ ಬೀದಿ ಕಡೆಯ ಗೋಡೆಯ ಉದ್ದಕ್ಕೂ ಸಣ್ಣ ಕಾಲುವೆ ತೆಗೆದು ಜಲ್ಲಿ ತುಂಬಿ ಚರಂಡಿಗೆ ಇಳಿಜಾರು ಕೊಟ್ಟರು. ಅನಂತರ ಪ್ಲಾಸ್ಟರ್ ಕಿತ್ತು ಗೋಡೆಯನ್ನು ಹಾಗೇ ಬಿಟ್ಟರು. ಈ ಬಿಡುವ ಕಾಲವೇ ಎಲ್ಲರಿಗೂ ಕಷ್ಟ. ಮನೆಗೆ ಬಂದವರೆಲ್ಲ ಕೆಲಸ ನಿಂತುಹೋಗಿದೆ ಎಂದುಕೊಳ್ಳುತ್ತಾರೆ, ಅತ್ತೆಗೆ ಮಣ್ಣು ಗುಡಿಸಿ ಸಾಕಾಗುತ್ತದೆ. ಆದರೆ ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು. ಅದಕ್ಕೆ ಮುಂಚೆ ಏನು ಬಳಿದರೂ ನಿಲ್ಲದು. ಒಣಗಿದ ಮೇಲೆ ಅರಳಿಸಿದ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿದ ಗಾರೆ. ಅದನ್ನು ಮಾಡಬಲ್ಲ ಕೈಗಳು ಊರಿನಲ್ಲಿ ಕಡಿಮೆಯಾಗಿವೆ. ಎಂ ಸ್ಯಾಂಡ್ ಮತ್ತು ಬ್ಲಾಕಿನಲ್ಲಿ ಕೆಲಸ ಕಲಿತ ಹುಡುಗರಿಗೆ ನಿಧಾನವಾಗಿ ಗಟ್ಟಿಯಾಗುವ ಸುಣ್ಣ ಕೆಟ್ಟ ಮಾಲಿನಂತೆ ಕಾಣುತ್ತದೆ, ಚೂರು ಸಿಮೆಂಟ್ ಬೆರೆಸಿಬಿಡೋಣ ಎನ್ನುತ್ತಾರೆ. ಅಲ್ಲಿ ಎದುರು ನಿಲ್ಲಬೇಕು. ಸಿಮೆಂಟ್ ಬೆರೆತಷ್ಟೂ ಗಾರೆ ಬಿಗಿಯಾಗಿ, ತೇವ ಮತ್ತೆ ಒಳಗೇ ಸಿಕ್ಕಿಬೀಳುತ್ತದೆ.

ಆರ್‌ಸಿಸಿ ಮನೆಯ ಕಥೆ ಬೇರೆ. ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷವೂ ಒಳಗಿಳಿದು ಆ ಗುಣವನ್ನು ಕುಂದಿಸುತ್ತದೆ. ಆ ಕಾಲದ ಸ್ಲ್ಯಾಬುಗಳಲ್ಲಿ ಕಂಬಿಯ ಕೆಳಗೆ 15-20 ಮಿಲಿಮೀಟರ್ ಕಾಂಕ್ರೀಟ್ ಇದ್ದರೆ ಹೆಚ್ಚು. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟುವಾಗ ಅಡಿಗೆ ಬಿಲ್ಲೆ ಇಡದ ಕಡೆ ಅದೂ ಇಲ್ಲ. ತುಕ್ಕು ಹಿಡಿದ ಕಂಬಿ ಊದಿಕೊಂಡು ಅಡಿಯ ಕಾಂಕ್ರೀಟನ್ನು ಒಡೆದು ಹಾಕುತ್ತದೆ. ಆರ್.ಟಿ. ನಗರದ ಎಷ್ಟೋ ಮನೆಗಳ ಸಜ್ಜದಡಿ, ಬಚ್ಚಲಿನ ಸೀಲಿಂಗಿನಲ್ಲಿ ಕಂಬಿ ಬಿಟ್ಟುಕೊಂಡಿರುವುದು ಈ ಕಾರಣಕ್ಕೆ. ಅದಕ್ಕೆ ಇಲ್ಲಿ ನಡೆಯುವ ಮದ್ದು ಎರಡು: ಕೆಳಗಿನಿಂದ ಪ್ಲಾಸ್ಟರ್ ಮೆತ್ತಿ ಫಾಲ್ಸ್ ಸೀಲಿಂಗ್ ಹಾಕಿಸುವುದು, ಮೇಲಿನಿಂದ ತಾರಸಿಗೆ ಮತ್ತೊಂದು ಪದರ ಕಾಂಕ್ರೀಟ್ ಸುರಿಯುವುದು. ಎರಡನ್ನೂ ನಾನು ಒಪ್ಪುವುದಿಲ್ಲ. ಫಾಲ್ಸ್ ಸೀಲಿಂಗ್ ಅಪಾಯವನ್ನು ಕಣ್ಣಿನಿಂದ ಮರೆಮಾಡುತ್ತದೆ. ಒಂಬತ್ತು ಚದರದ ತಾರಸಿಯ ಮೇಲೆ ಎರಡಂಗುಲದ ಪದರ ಎಂದರೆ 9 ಟನ್ನಿಗೂ ಹೆಚ್ಚಿನ ಭಾರ. ಸೋತ ಕಂಬಿಯ ಮೇಲೆ ಅಷ್ಟು ತೂಕ ಹೊರಿಸಿ ಅದನ್ನು ರಿಪೇರಿ ಎನ್ನಲಾಗದು.

ಸರಿಯಾದ ಕೆಲಸ ಸದ್ದಿನಿಂದ ಶುರುವಾಗುತ್ತದೆ. ಸಣ್ಣ ಸುತ್ತಿಗೆಯಿಂದ ಇಡೀ ಸೀಲಿಂಗನ್ನು ತಟ್ಟುತ್ತ ಹೋದರೆ ಟೊಳ್ಳು ಸದ್ದು ಬರುವ ಜಾಗ ಗುರುತು ಹಾಕಬಹುದು. ಆ ಜಾಗವನ್ನು ಕಂಬಿಯ ಹಿಂಬದಿ ಕಾಣುವವರೆಗೆ ಒಡೆದು, ತುಕ್ಕು ಉಜ್ಜಿ, ಸವೆದ ಕಡೆ ಹೊಸ ಕಂಬಿ ಕೂಡಿಸಿ, ಪಾಲಿಮರ್ ಬೆರೆತ ಗಾರೆಯಿಂದ ತುಂಬಬೇಕು. ಅಷ್ಟು ದಿನವೂ ಅಡಿಯಲ್ಲಿ ಊರುಗೋಲು ಕೊಟ್ಟಿರಬೇಕು. ತಾರಸಿಯ ಹಳೇ ಪದರಗಳನ್ನು ತೆಗೆದು ಇಳಿಜಾರು ಸರಿಮಾಡಬೇಕು. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮಾಡಬಾರದು. ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡುವ ಆಸೆ ಇದ್ದರಂತೂ ಎಂಜಿನಿಯರ್ ಪಾಯವನ್ನು ಅಗೆಸಿ ನೋಡದೆ ಯಾವ ತೀರ್ಮಾನವೂ ಸಲ್ಲದು.

ಇಷ್ಟೆಲ್ಲ ತಿಳಿದವರೂ ತಪ್ಪು ಕ್ರಮಕ್ಕೆ ಬೀಳುವುದೇಕೆ? ಕೂಲಿ ಮಾತಾಡುವ ರೀತಿಯಲ್ಲೇ ಒಂದು ತೊಡಕಿದೆ. ಹೊಸ ಮನೆಯನ್ನು ಚದರದ ಲೆಕ್ಕದಲ್ಲಿ ಗುತ್ತಿಗೆ ಕೊಡುವ ರೂಢಿ ರಿಪೇರಿಗೂ ಬಂದಿದೆ. ಮೇಸ್ತ್ರಿ ಮನೆಯೊಳಗೆ ಒಂದು ಸುತ್ತು ಹಾಕಿ, "ಯಜಮಾನ್ರೇ, ಇದಕ್ಕೆ ದುಡ್ಡು ಸುರಿಯೋ ಬದಲು ಕೆಡವಿ ಕಟ್ಟೋದೇ ವಾಸಿ, ಚದರಕ್ಕೊಂದು ರೇಟ್ ಮಾತಾಡ್ಕೊಳೋಣ" ಎಂದರೆ ಅದರಲ್ಲಿ ದುರಾಸೆ ಇರಬೇಕೆಂದಿಲ್ಲ. ಟೈಲ್ಸು, ಬಣ್ಣ, ಪ್ಲಾಸ್ಟರು ಚದರಡಿಯಲ್ಲಿ ಅಳೆಯಲು ಬರುತ್ತವೆ. ಗೆದ್ದಲು ತಿಂದ ತೊಲೆಯ ತುದಿಯನ್ನು ಕೊಯ್ದು ಹೊಸ ಮರ ಕೂಡಿಸುವುದನ್ನು, ತೇವದ ಮೂಲ ಹುಡುಕಲು ಅರ್ಧ ದಿನ ಅಗೆಯುವುದನ್ನು ಯಾವ ಚದರಕ್ಕೆ ಹಾಕುವುದು? ಅಳೆಯಲಾಗದ ಕೆಲಸಕ್ಕೆ ಕೂಲಿ ಸಿಗದು, ಸಿಗದ್ದನ್ನು ಯಾರೂ ಮಾಡರು. ಗೋಡೆ ಬಿಚ್ಚುವ ಹಂತದ ತನಕ ದಿನಗೂಲಿ, ಸಾಮಾನು ಮನೆಯವರದೇ, ಒಳಗೇನಿದೆ ಎಂದು ಕಂಡ ಮೇಲೆ ಕೆಲಸವಾರು ಗುತ್ತಿಗೆ: ಮಾವನ ಮನೆಯಲ್ಲಿ ಎರಡನೆಯ ಸಲ ಹೀಗೆ ನಡೆಯಿತು. ಖರ್ಚು ಕಡಿಮೆಯಾಗಲಿಲ್ಲ, ಹಣ ಹೋಗಬೇಕಾದ ಕಡೆ ಹೋಯಿತು.

ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನು ಇಲ್ಲಿ ನೆನೆಯಬೇಕು. 2011ರಲ್ಲಿ ಕೆಡವಲು ಶುರುಮಾಡಿದ್ದ ಆ ಮನೆ ಜನರ ವಿರೋಧದಿಂದ ಉಳಿದು, ನಗರಪಾಲಿಕೆಯ ಕೈಸೇರಿ, ದುರಸ್ತಿಗೊಂಡು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಒಳ್ಳೆಯ ಕೆಲಸ. ಆದರೆ ನಮ್ಮ ಬೀದಿಯ ಮನೆಗಳಿಗೆ ಅದು ಅಳತೆಗೋಲಾಗದು. ಇಲ್ಲಿ ಜನ ಅಡುಗೆ ಮಾಡಬೇಕು, ವಯಸ್ಸಾದವರು ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕು. ಹಳೆಯದನ್ನು ಇದ್ದಂತೆಯೇ ಇಡಬೇಕೆಂಬ ಹಟವನ್ನೂ ನಾನು ಒಪ್ಪಲಾರೆ. ಹಿತ್ತಲ ಬಚ್ಚಲನ್ನು ಒಳಗೆ ತಂದದ್ದು, ಹಿಡಿಕೆ ಹಾಕಿಸಿದ್ದು, ಹಳೇ ವೈರನ್ನೆಲ್ಲ ಕಿತ್ತು ಅರ್ಥಿಂಗ್ ಕೊಟ್ಟದ್ದು ಮಾವನ ಮನೆಯ ರಿಪೇರಿಯ ಅತ್ಯುತ್ತಮ ಭಾಗ. ಮಾದರಿ ಬೇಕಿದ್ದರೆ ಹತ್ತಿರದಲ್ಲೇ ಇದೆ. ಯಶವಂತಪುರಕ್ಕೆ ಅಂಟಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮಣ್ಣಿನ ಬ್ಲಾಕಿನ ಮೇಲೆ ದಶಕಗಟ್ಟಲೆ ಕೆಲಸ ಮಾಡಿತು. ವಿದ್ಯಾರಣ್ಯಪುರದಲ್ಲಿ ಚಿತ್ರಾ ವಿಶ್ವನಾಥ್ ಮತ್ತು ಎಸ್. ವಿಶ್ವನಾಥ್ ದಂಪತಿ ಮಣ್ಣಿನ ಬ್ಲಾಕಿನಲ್ಲಿ ಮನೆ ಕಟ್ಟಿ, ಸೂರಿನ ಮಳೆನೀರನ್ನು ಹಿಡಿದು ಬಳಸುತ್ತ ಬಂದಿದ್ದಾರೆ. 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದಾಗ ಹಳೇ ಕಟ್ಟಡಗಳಲ್ಲಿ 60x40 ನಿವೇಶನದವು ಮತ್ತು ಅದಕ್ಕಿಂತ ದೊಡ್ಡವು ಮಾತ್ರ ಅದಕ್ಕೆ ಒಳಪಟ್ಟವು. ಸಣ್ಣ ಹಳೇ ಮನೆಗಳಿಗೆ ಕಾನೂನಿನ ಒತ್ತಾಯವಿರಲಿಲ್ಲ, ಅಗತ್ಯವಿತ್ತು.

ಇನ್ನೊಂದು ಅಡ್ಡಿ ಗಾರೆಗೂ ಕಂಬಿಗೂ ಸಂಬಂಧಿಸಿದ್ದಲ್ಲ. ಪಿತ್ರಾರ್ಜಿತ ಮನೆಗಳ ಖಾತೆ ಬಹಳ ಕಡೆ ಇನ್ನೂ ತಾತನ ಹೆಸರಿನಲ್ಲೇ ಇದೆ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಆದರೂ ರಿಪೇರಿಯ ಮಾತು ಬಂದಾಗ ಮನೆಯಲ್ಲಿ ವಾಸವಿರುವ ಮಗ ಒಬ್ಬನೇ ತೀರ್ಮಾನಿಸುತ್ತಾನೆ, ಒಬ್ಬನೇ ಖರ್ಚು ಮಾಡುತ್ತಾನೆ. ನಾಳೆ ಪಾಲಾದರೆ ಹಾಕಿದ ದುಡ್ಡು ಏನಾಗುವುದೋ ಎಂಬ ಭಯಕ್ಕೆ ಕಣ್ಣಿಗೆ ಕಾಣುವ ಕೆಲಸವನ್ನಷ್ಟೇ ಮಾಡಿಸುತ್ತಾನೆ; ಪಾಯಕ್ಕೂ ಚರಂಡಿಗೂ ಕೈಹಾಕುವುದಿಲ್ಲ. ಮಾವ ಎರಡನೆಯ ಸಲ ಕೆಲಸ ಹಿಡಿಯುವ ಮೊದಲು ತಂಗಿಯರನ್ನು ಕೂರಿಸಿಕೊಂಡು ಮಾತಾಡಿದರು. ಪಾಲು ಪಾಲಾಗಿಯೇ ಇರಲಿ, ಮನೆ ಉಳಿಸಲು ಆದ ಖರ್ಚನ್ನು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕೋಣ, ಮುಂದೆ ಭಾಗವಾದಾಗ ಅದನ್ನು ಕಳೆದು ಲೆಕ್ಕ ಮಾಡೋಣ ಎಂದು ಒಪ್ಪಂದವಾಯಿತು. ನನ್ನ ಅಮ್ಮನೂ ಸಹಿ ಹಾಕಿದಳು, ಸೂರಿನ ಖರ್ಚಿನಲ್ಲಿ ಒಂದು ಪಾಲು ತಾನೇ ಕೊಟ್ಟಳು. ಚಪ್ಪಡಿ ಮಾಳಿಗೆಯ ಸಂದುಗಳ ಕೆಲಸ ಇನ್ನೂ ಬಾಕಿ ಇದೆ. ಅದರ ಅಂದಾಜು ಪಟ್ಟಿ ಈಗ ಆ ಪುಸ್ತಕದಲ್ಲಿ ಎಲ್ಲರ ಸಹಿಗೆ ಕಾದಿದೆ.