ಕರಡು ತಿದ್ದುವ ಯಂತ್ರವೂ ಆಕರದ ಅಕ್ಷರವೂ

ಅಚ್ಚುಮನೆಗಳಲ್ಲಿ ಕರಡು ತಿದ್ದುವ ಕೆಲಸಕ್ಕೆ ಹಿಂದೆ ಇಬ್ಬರು ಕೂರುತ್ತಿದ್ದರು. ಒಬ್ಬನು ಮೂಲ ಹಸ್ತಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುವನು. ಇನ್ನೊಬ್ಬನು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಗುರುತು ಹಾಕುವನು. ಈ ಪದ್ಧತಿಯ ತಿರುಳು ಇರುವುದು ಓದುವವನ ಕೈಯಲ್ಲಿರುವ ಮೂಲಪ್ರತಿಯಲ್ಲಿ. ಮೂಲದೊಡನೆ ಹೋಲಿಸಿ ನೋಡುವುದೇ ಕರಡು ತಿದ್ದುವಿಕೆ. ಹೋಲಿಕೆಯಿಲ್ಲದೆ ಮಾಡುವ ತಿದ್ದುಪಡಿ ಕೇವಲ ಊಹೆ. ಈ ಭೇದವನ್ನು ಇಲ್ಲಿ ನೆನಪಿಸಲು ಕಾರಣವಿದೆ. ಇಂದು ನಮ್ಮ ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ತಮ್ಮ ಪ್ರಬಂಧಗಳನ್ನು ಕೈಯಲ್ಲಿರುವ ಸ್ಮಾರ್ಟ್‌ಫೋನಿಗೇ ಒಪ್ಪಿಸಿ ತಿದ್ದಿಸಿಕೊಳ್ಳತೊಡಗಿದ್ದಾರೆ. ನಾವೂ ಅದಕ್ಕೆ ಹೊರತಲ್ಲ.

ಈ ಸೌಲಭ್ಯವು ಈಚಿನದು. ಆಪಲ್ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ತನ್ನ ಫೋನುಗಳ ಕಾರ್ಯವ್ಯವಸ್ಥೆಯೊಳಗೇ ಬರವಣಿಗೆಯ ಉಪಕರಣಗಳನ್ನು ಅಳವಡಿಸಿತು. ಕರಡು ತಿದ್ದುವುದು, ಮರುಬರೆಯುವುದು, ಸಂಗ್ರಹಿಸುವುದು ಅವುಗಳಲ್ಲಿ ಮುಖ್ಯವಾದುವು. ಮೊದಲಿಗೆ ಅಮೆರಿಕದ ಇಂಗ್ಲಿಷಿಗೆ ಮಾತ್ರ ದೊರೆತ ಇದು 2025ರ ಮಾರ್ಚ್ ಕೊನೆಯಲ್ಲಿ ಫ್ರೆಂಚ್, ಜರ್ಮನ್, ಜಪಾನೀ ಮೊದಲಾದ ಭಾಷೆಗಳಿಗೂ ಭಾರತದ ಇಂಗ್ಲಿಷಿಗೂ ವಿಸ್ತರಿಸಿತು. ಅಂದಿನ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಇತರ ತಯಾರಕರ ಫೋನುಗಳಲ್ಲಿಯೂ ಇದೇ ಬಗೆಯ ಸಾಧನಗಳು ಬಂದಿವೆ.

ಇವುಗಳ ಉಪಕಾರವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದ ಸಂಶೋಧಕನ ಕಷ್ಟವನ್ನು ನಾವು ಬಲ್ಲೆವು. ಕರ್ತೃವಿಗೆ ಹೊಂದದ ಕ್ರಿಯಾಪದ, ಬಿಟ್ಟುಹೋದ ಉಪಪದ, ಎರಡು ಬಾರಿ ಬಿದ್ದ ಪದ, ಇಂಥ ದೋಷಗಳಿಗಾಗಿ ಅವನ ವಿಚಾರವೇ ಹಗುರವೆಂದು ಎಣಿಸಲ್ಪಟ್ಟ ಸಂದರ್ಭಗಳುಂಟು. ಇಂಗ್ಲಿಷ್ ಬಲ್ಲ ಗೆಳೆಯನ ಮನೆಬಾಗಿಲಿಗೆ ಅಲೆಯುವ ಭಾಗ್ಯವೂ ಎಲ್ಲರಿಗಿಲ್ಲ. ಅಂಥವನಿಗೆ ಕ್ಷಣಮಾತ್ರದಲ್ಲಿ, ಸಂಕೋಚಕ್ಕೆ ಎಡೆಯಿಲ್ಲದಂತೆ, ವಾಕ್ಯವನ್ನು ನೇರ್ಪಡಿಸಿಕೊಡುವ ಸಾಧನವನ್ನು ಹಳಿಯುವುದು ಉಳ್ಳವರ ಮಾತಾದೀತು.

ಆದರೆ ನಮ್ಮ ಅನುಭವವೊಂದನ್ನು ಇಲ್ಲಿ ಹೇಳಬೇಕು. ಮೈಸೂರು ಯುದ್ಧಗಳಿಗೆ ಸಂಬಂಧಿಸಿದ ಇಂಗ್ಲಿಷ್ ಪ್ರಬಂಧವೊಂದರ ಕರಡನ್ನು ನಾವು ಫೋನಿನ ಇಂಥ ಸಾಧನಕ್ಕೆ ಒಪ್ಪಿಸಿದೆವು. ಅದರಲ್ಲಿ 18ನೆಯ ಶತಮಾನದ ಕಂಪನಿ ಅಧಿಕಾರಿಯೊಬ್ಬನ ಪತ್ರದಿಂದ ಎತ್ತಿಕೊಂಡ ನಾಲ್ಕು ಸಾಲುಗಳಿದ್ದುವು. ‘ತೋರಿಸು’ ಎಂಬರ್ಥದ ಇಂಗ್ಲಿಷ್ ಪದವನ್ನು ಆ ಕಾಲದವರು ‘ಓ’ ಅಕ್ಷರದ ಸ್ಥಾನದಲ್ಲಿ ‘ಇ’ ಅಕ್ಷರವಿಟ್ಟು ಬರೆಯುವುದುಂಟು. ಹೈದರಾಲಿಯ ಹೆಸರಿನ ಕಾಗುಣಿತವಂತೂ ಬರೆದವರ ಕೈಗೆ ತಕ್ಕಂತೆ ಬೇರೆಬೇರೆ. ಉಪಕರಣವು ಇವೆರಡನ್ನೂ ಇಂದಿನ ರೂಪಕ್ಕೆ ತಿದ್ದಿತು. ಎಲ್ಲ ತಿದ್ದುಪಡಿಗಳನ್ನೂ ಒಂದೇ ಸ್ಪರ್ಶದಲ್ಲಿ ಒಪ್ಪಿಕೊಂಡವರು ನಾವೇ. ಆ ತಪ್ಪು ನಮ್ಮದು. ಅದೇ ಪುಟದಲ್ಲಿ ಶ್ರೀರಂಗಪಟ್ಟಣದ ಒಪ್ಪಂದವನ್ನು ಕೈತಪ್ಪಿ 1792ಕ್ಕೆ ಬದಲು 1799 ಎಂದು ಬರೆದಿದ್ದೆವು. ಆ ವಾಕ್ಯದ ಅಲ್ಪವಿರಾಮ ಸ್ಥಳಾಂತರ ಹೊಂದಿತು; ವರ್ಷ ಹಾಗೆಯೇ ಉಳಿಯಿತು. ಎರಡನ್ನೂ ಕಂಡುಹಿಡಿದವರು, ನಮ್ಮ ಟಿಪ್ಪಣಿಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಸಹೋದ್ಯೋಗಿಯೊಬ್ಬರು.

ಸರಿಯಾದುದು ಕೆಟ್ಟಿತು, ಕೆಟ್ಟದ್ದು ಉಳಿಯಿತು. ಇದು ಆಕಸ್ಮಿಕವಲ್ಲ. ಈ ಸಾಧನಗಳ ಬೆನ್ನಿಗಿರುವ ಭಾಷಾ ಮಾದರಿಯು ಅಪಾರವಾದ ಬರಹರಾಶಿಯಿಂದ, ಯಾವ ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಕಲಿತಿರುತ್ತದೆ. ಅದರ ಮುಂದೆ ನಮ್ಮ ವಾಕ್ಯವಿದೆ; ವಾಕ್ಯದ ಹಿಂದಿರುವ ಪತ್ರವಿಲ್ಲ. ಆದುದರಿಂದ ವಿರಳವಾದುದು ಅದಕ್ಕೆ ದೋಷವಾಗಿ ತೋರುವ ಸಂಭವ ಹೆಚ್ಚು. ಸಹಜವಾಗಿ ತೋರುವ ತಪ್ಪು ತಪ್ಪಿಸಿಕೊಳ್ಳುವ ಸಂಭವವೂ ಅಷ್ಟೇ. 1799 ಶ್ರೀರಂಗಪಟ್ಟಣದ ಪತನದ ವರ್ಷ. ಆ ಊರಿನ ಹೆಸರಿನ ಪಕ್ಕದಲ್ಲಿ ಅದು ಚೆನ್ನಾಗಿಯೇ ಒಪ್ಪುತ್ತದೆ. ಒಪ್ಪುವುದಕ್ಕೂ ನಿಜವಾಗಿರುವುದಕ್ಕೂ ಇರುವ ಅಂತರವೇ ಇತಿಹಾಸಕಾರನ ವೃತ್ತಿಕ್ಷೇತ್ರ.

ಗ್ರಂಥಸಂಪಾದನ ಶಾಸ್ತ್ರದಲ್ಲಿ ಇದಕ್ಕೆ ನೇರವಾಗಿ ವಿರುದ್ಧವಾದ ಸೂತ್ರವೊಂದಿದೆ. 18ನೆಯ ಶತಮಾನದ ಜರ್ಮನ್ ವಿದ್ವಾಂಸ ಬೆಂಗೆಲ್, ಹೊಸ ಒಡಂಬಡಿಕೆಯ ಪಾಠಾಂತರಗಳನ್ನು ವಿವೇಚಿಸುತ್ತ, ಸುಲಭ ಪಾಠಕ್ಕಿಂತ ಕ್ಲಿಷ್ಟ ಪಾಠವೇ ಮೇಲೆಂದು ನಿರ್ಣಯಿಸಿದನು. ಲಿಪಿಕಾರನು ತನಗೆ ಅರ್ಥವಾಗದ್ದನ್ನು ಅರ್ಥವಾಗುವಂತೆ ತಿದ್ದುವುದು ಸಹಜ. ಅರ್ಥವಾದುದನ್ನು ಕ್ಲಿಷ್ಟಗೊಳಿಸುವುದು ಅಪರೂಪ. ಸೂತ್ರಕ್ಕೆ ಅಪವಾದಗಳಿವೆ, ನಿಜ. ಆದರೆ ಈ ಯಂತ್ರವು ಅರ್ಥಬಲ್ಲ ಲಿಪಿಕಾರನ ದೌರ್ಬಲ್ಯವನ್ನೇ ತನ್ನ ಸ್ವಭಾವವಾಗಿ ಪಡೆದಿದೆಯೆಂಬುದನ್ನು ಮರೆಯಲಾಗದು.

ಇಂಥ ತಿದ್ದುಪಡಿ ಕನ್ನಡದ ಆಕರಗಳನ್ನು ಮುಟ್ಟಿದರೆ ಆಗುವ ಹಾನಿ ಇನ್ನೂ ದೊಡ್ಡದು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಇಂದಿನ ಬರಹದಲ್ಲಿ ಬಳಕೆತಪ್ಪಿರುವ ೞ ಮತ್ತು ಱ ಅಕ್ಷರಗಳನ್ನು ಅಚ್ಚಿನ ದೋಷವೆಂದು ಬಗೆದು ಳ, ರ ಎಂದು ತಿದ್ದಿಬಿಟ್ಟರೆ, ವೀರಗಲ್ಲೊಂದರ ಪಾಠದಲ್ಲಿ ಬದುಕು ಕತ್ತಿಯಾಗಿಬಿಡುತ್ತದೆ. ಅಷ್ಟೇ ಅಲ್ಲ, ಶಾಸನವನ್ನು ಕಂಡರಿಸಿದವನೇ ೞ ಇರಬೇಕಾದಲ್ಲಿ ಳ ಹಾಕಿದ್ದರೆ, ಆ ಧ್ವನಿಭೇದ ಅವನ ಕಾಲಕ್ಕೆ ಸಡಿಲವಾಗಿತ್ತೆಂಬುದಕ್ಕೆ ಆ ‘ತಪ್ಪೇ’ ಸಾಕ್ಷಿ. ತಪ್ಪನ್ನು ಒರಸುವುದೆಂದರೆ ಸಾಕ್ಷಿಯನ್ನು ಒರಸುವುದು. ಕಂಪನಿಯ ಪತ್ರಗಳ ವಿಷಯವೂ ಹೀಗೆಯೇ. ಒಂದೇ ಪತ್ರದ ಹಲವು ನಕಲುಗಳನ್ನು ಬೇರೆಬೇರೆ ಹಡಗುಗಳಲ್ಲಿ ಲಂಡನ್ನಿಗೆ ಕಳುಹಿಸುತ್ತಿದ್ದ ಕಾಲವದು. ನಾವು ಉದ್ಧರಿಸಿದ್ದು ಯಾವ ನಕಲಿನಿಂದ ಎಂಬುದನ್ನು ಗುರುತಿಸಲು ಕಾಗುಣಿತವೂ ಒಂದು ಆಧಾರ.

ಕುತೂಹಲದ ಸಂಗತಿಯೆಂದರೆ, ತಪ್ಪನ್ನು ಒರಸದೆ ತಿದ್ದುವ ಮೇಲ್ಪಂಕ್ತಿಯೊಂದು ಗಣಕಲೋಕದಲ್ಲಿಯೇ ಇದೆ. ಯೂನಿಕೋಡ್ ಎಂಬ ಅಕ್ಷರಸಂಕೇತ ವ್ಯವಸ್ಥೆಯಲ್ಲಿ ನಮ್ಮ ೞ ಅಕ್ಷರಕ್ಕೆ ‘ಕನ್ನಡ ಲೆಟರ್ ಫಾ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದಕಾರಣ ತಪ್ಪನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ದಾಖಲಿಸಿದ್ದಾರೆ. ಶಾಸನದ ಪಾಠವನ್ನು ಇದ್ದಂತೆ ಕೊಟ್ಟು, ತನ್ನ ಊಹೆಯನ್ನು ಆವರಣ ಚಿಹ್ನೆಯಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ಇಡುವ ಸಂಪಾದಕನ ಮಾರ್ಗವೂ ಇದೇ ಅಲ್ಲವೆ?

ಆದುದರಿಂದ ನಾವು ಸೂಚಿಸುವ ಕ್ರಮ ಸರಳವಾದುದು. ಯಂತ್ರಕ್ಕೆ ಕೊಡುವ ಮುನ್ನ ಪ್ರಬಂಧದಿಂದ ಉದ್ಧೃತ ಭಾಗಗಳನ್ನೆಲ್ಲ ತೆಗೆದಿಡಬೇಕು; ತಿದ್ದುಪಡಿಯಾದ ಮೇಲೆ ಮೂಲದಿಂದಲೇ ಅವನ್ನು ಮತ್ತೆ ಸೇರಿಸಬೇಕು. ನಮ್ಮ ಸ್ವಂತ ವಾಕ್ಯಗಳಿಗೆ ಬಂದ ಸೂಚನೆಗಳನ್ನು ಒಂದೊಂದಾಗಿ ನೋಡಿ ಒಪ್ಪಬೇಕು, ಇಲ್ಲವೆ ತಳ್ಳಬೇಕು. ತಿದ್ದುವ ಮೊದಲಿನ ಪ್ರತಿಯನ್ನು ಕಾದಿಡಬೇಕು. ಹೆಸರು, ವರ್ಷ, ಅಂಕಿಗಳನ್ನು ಮಾತ್ರ ಯಾವ ಸಾಧನಕ್ಕೂ ಬಿಡದೆ, ಆಕರವನ್ನು ಕೈಯಲ್ಲಿ ಹಿಡಿದು ನಾವೇ ಪರೀಕ್ಷಿಸಬೇಕು.

ಉದ್ಧರಣ ಚಿಹ್ನೆಯೆಂಬುದು ಓದುಗನಿಗೆ ನಾವು ಕೊಡುವ ಮಾತು: ಇದರೊಳಗಿರುವುದು ನನ್ನದಲ್ಲ, ಇದ್ದುದು ಇದ್ದಂತೆ ಇದೆ, ಎಂದು. ನಮ್ಮ ವ್ಯಾಕರಣವನ್ನು ಯಾರು ತಿದ್ದಿಕೊಟ್ಟರೂ ನಾವು ಋಣಿಗಳು. ಆ ಮಾತನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ನಮ್ಮದೇ. ನಮ್ಮ ಪ್ರಬಂಧವನ್ನು ಟಿಪ್ಪಣಿಯೊಡನೆ ಹೋಲಿಸಿ ಓದಿದ ಆ ಸಹೋದ್ಯೋಗಿಗೆ ಎರಡು ಸಂಜೆಗಳು ಹಿಡಿದುವು. ಆ ಎರಡು ಸಂಜೆಗಳ ಕೆಲಸವನ್ನು ನಾವು ಮೊದಲೇ ಮಾಡಬೇಕಾಗಿತ್ತು.